ಮಂಡಿನೋವಿನ ಟಿಕೆಟ್: ವಿಮಾನ ನಿಲ್ದಾಣದ ವೀಲ್‌ಚೇರ್ ಸೇವೆ ಯಾರಿಗೆ ಒಗ್ಗುತ್ತದೆ, ಯಾರಿಗೆ ಒಗ್ಗುವುದಿಲ್ಲ

ರಾತ್ರಿ ಹನ್ನೊಂದು ದಾಟಿದ ಮೇಲೆ ಕೆಂಪೇಗೌಡ ವಿಮಾನ ನಿಲ್ದಾಣದ ಎರಡನೇ ಟರ್ಮಿನಲ್‌ಗೆ ಹೋಗಿ ನೋಡಿ. ದೂರದೇಶದ ವಿಮಾನಗಳು ಬಹುಪಾಲು ನಡುರಾತ್ರಿಗೂ ಬೆಳಗಿನ ಜಾವಕ್ಕೂ ನಡುವೆ ಒತ್ತೊತ್ತಾಗಿ ಹೊರಡುತ್ತವೆ. ಚೆಕ್‌ಇನ್ ಕೌಂಟರ್‌ಗಳ ಪಕ್ಕದಲ್ಲಿ ವೀಲ್‌ಚೇರ್‌ಗಳ ಸಾಲು. ಸೀರೆಯ ಕೆಳಗೆ ಮಗಳು ಕಳಿಸಿದ ಬಿಳಿ ಸ್ಪೋರ್ಟ್ಸ್ ಶೂ, ಮೇಲೆ ಸ್ವೆಟರ್, ತೊಡೆಯ ಮೇಲೆ ಚಟ್ನಿಪುಡಿ ಘಮಘಮಿಸುವ ಕೈಚೀಲ. ಕೆಲವರಿಗೆ ನಿಜಕ್ಕೂ ಮಂಡಿ ಸವೆದಿದೆ. ಇನ್ನು ಕೆಲವರಿಗೆ ಫೋನಿನಲ್ಲಿ ಪಾಠವಾಗಿದೆ: "ಅಮ್ಮ, ಯಾರಾದ್ರೂ ಕೇಳಿದ್ರೆ ಮಂಡಿನೋವು ಅನ್ನು, ಅಷ್ಟೇ. ಮಿಕ್ಕಿದ್ದು ಅವರೇ ನೋಡ್ಕೋತಾರೆ."

ಆ 'ಅವರೇ ನೋಡ್ಕೋತಾರೆ' ಎಂಬ ಸೇವೆಯನ್ನು ಇಲ್ಲಿ ತೂಗಿ ನೋಡಿದ್ದೇವೆ. ತೀರ್ಪು ಮೊದಲೇ ಹೇಳಿಬಿಡುವುದು ಒಳ್ಳೆಯದು. ದೂರ ನಡೆಯಲಾಗದವರಿಗೆ ಈ ಸೇವೆ ಐದಕ್ಕೆ ನಾಲ್ಕು. ಇಲ್ಲದ ನೋವು ಹೇಳಿ ಕೂರುವವರಿಗೆ ಐದಕ್ಕೆ ಎರಡು. ಈ ಎರಡನೆಯ ಅಂಕ ನೀತಿಪಾಠವಲ್ಲ. ಅವರಿಗೆ ಬೇಕಾಗಿರುವ ಸಾಮಾನೇ ಬೇರೆ, ಈ ಅಂಗಡಿಯಲ್ಲಿ ಸಿಗುವ ಸಾಮಾನೇ ಬೇರೆ.

ಸುಳ್ಳು ಇಲ್ಲಿ ಇಷ್ಟು ಸಲೀಸಾಗಿ ನಡೆಯುವುದಕ್ಕೆ ಕಾರಣ ಕಾನೂನಿನಲ್ಲೇ ಇದೆ, ಅದೂ ಒಳ್ಳೆಯ ಉದ್ದೇಶದ ಕಾನೂನಿನಲ್ಲಿ. ಭಾರತದಲ್ಲಿ ಇದರ ಬುಡ ವಿಮಾನಯಾನದ ಸರ್ಕಾರಿ ನಿಯಂತ್ರಕ ಡಿಜಿಸಿಎಯ ನಿಯಮಾವಳಿಯ ಮೂರನೇ ಸೆಕ್ಷನ್, ಎಂ ಸರಣಿ, ಒಂದನೇ ಭಾಗ. ಅಂಗವಿಕಲರನ್ನೂ ಓಡಾಟ ಕಷ್ಟವಿರುವವರನ್ನೂ ನಿಲ್ದಾಣದಿಂದ ವಿಮಾನದವರೆಗೆ, ಇಳಿದ ಮೇಲೆ ಹೊರಬಾಗಿಲವರೆಗೆ ತಲುಪಿಸುವುದು ಏರ್‌ಲೈನ್‌ನ ಹೊಣೆ. ಅವರಿಂದ ಅದಕ್ಕೆ ಕಾಸು ಕೇಳುವಂತಿಲ್ಲ. ಹತ್ತಿ ಇಳಿಯಲು ಮಾತ್ರ ನೆರವು ಬೇಕಾದವರಿಂದ ಡಾಕ್ಟರ್ ಚೀಟಿ ಕೇಳುವಂತಿಲ್ಲ. ಅಮೆರಿಕದಲ್ಲಿ 1986ರ ಏರ್ ಕ್ಯಾರಿಯರ್ ಆಕ್ಸೆಸ್ ಆ್ಯಕ್ಟ್ ಮತ್ತು ಅದರಡಿಯ 382ನೇ ಭಾಗದ ನಿಯಮಗಳು ಹೆಚ್ಚುಕಡಿಮೆ ಇದನ್ನೇ ಹೇಳುತ್ತವೆ. ಯುರೋಪಿನಲ್ಲಿ 2006ರ 1107ನೇ ನಿಯಮ ಈ ಹೊಣೆಯನ್ನು ಏರ್‌ಲೈನ್‌ನಿಂದ ತೆಗೆದು ವಿಮಾನ ನಿಲ್ದಾಣದ ಹೆಗಲಿಗೆ ಹಾಕಿದೆ. ಅಲ್ಲಿ ಖರ್ಚು ಅಷ್ಟೂ ಪ್ರಯಾಣಿಕರ ಲೆಕ್ಕದಲ್ಲಿ ಏರ್‌ಲೈನ್‌ಗಳಿಗೆ ಹಂಚಿಹೋಗುತ್ತದೆ. ಒಟ್ಟಿನಲ್ಲಿ ಸಾಮಾನ್ಯವಾಗಿ ಪುರಾವೆ ಕೇಳುವವರಿಲ್ಲ, ದುಡ್ಡು ಕೇಳುವವರಿಲ್ಲ. ಬಿಟ್ಟಿ ಸಿಕ್ಕರೆ ನನಗೊಂದು, ನಮ್ಮಪ್ಪನಿಗೊಂದು ಅನ್ನುವ ಗಾದೆ ಈ ಸಾಲಿನಲ್ಲಿ ಅಕ್ಷರಶಃ ನಿಜವಾಗಿದೆ.

ಸೇವೆ ಒಂದೇ ಎಂದು ಹಲವರು ತಿಳಿದಿದ್ದಾರೆ. ಒಳಗೆ ಮೂರು ದರ್ಜೆ ಇದೆ, ಮೂರಕ್ಕೂ ನಾಲ್ಕಕ್ಷರದ ಕೋಡ್ ಇದೆ. ಡಬ್ಲ್ಯುಸಿಎಚ್‌ಆರ್ ಎಂದರೆ ಮೆಟ್ಟಿಲು ಹತ್ತಬಲ್ಲರು, ವಿಮಾನದೊಳಗೆ ನಡೆಯಬಲ್ಲರು, ಟರ್ಮಿನಲ್‌ನ ದೂರ ಮಾತ್ರ ಆಗದು. ಕೊನೆಯ ಆರ್ ಅಂದರೆ ರ‍್ಯಾಂಪ್. ಡಬ್ಲ್ಯುಸಿಎಚ್‌ಎಸ್ ಎಂದರೆ ಮೆಟ್ಟಿಲೂ ಆಗದು, ಆದರೆ ಬಾಗಿಲಿನಿಂದ ಸೀಟಿನವರೆಗೆ ನಡೆದುಕೊಳ್ಳುತ್ತಾರೆ. ಡಬ್ಲ್ಯುಸಿಎಚ್‌ಸಿ ಎಂದರೆ ಸೀಟಿನವರೆಗೂ ಕರೆದೊಯ್ದು ಕೂರಿಸಬೇಕು. ಮೆಟ್ಟಿಲು ಹತ್ತುತ್ತೀರಾ, ಸೀಟಿನವರೆಗೆ ನಡೆಯುತ್ತೀರಾ, ಇವೆರಡೇ ಕೌಂಟರಿನಲ್ಲಿ ಕೇಳಬೇಕಾದ ಪ್ರಶ್ನೆಗಳು. ಉತ್ತರದ ಮೇಲೆ ಕೋಡ್, ಕೋಡ್ ಮೇಲೆ ಸಲಕರಣೆ.

ನೋವನ್ನು ಉತ್ಪ್ರೇಕ್ಷೆ ಮಾಡುವವರು ಮೊದಲು ಎಡವುವುದು ಇಲ್ಲೇ. ದೊಡ್ಡ ಕಾಯಿಲೆ ಹೇಳಿದರೆ ದೊಡ್ಡ ಉಪಚಾರ ಸಿಗುತ್ತದೆ ಎಂಬ ಲೆಕ್ಕದಲ್ಲಿ ಅಮೆರಿಕದಲ್ಲಿ ಕೂತ ಮಗ ವೆಬ್‌ಸೈಟಿನಲ್ಲಿ ಮೂರನೆಯದನ್ನು ಒತ್ತಿಬಿಡುತ್ತಾನೆ. ಫಲ ಏನು? ಮೆಟ್ಟಿಲಿನ ಬದಲು ಆ್ಯಂಬುಲಿಫ್ಟ್ ಬರಬೇಕು. ಒಂದಿಡೀ ಕೋಣೆಯನ್ನೇ ಮೇಲಕ್ಕೆತ್ತುವ ಆ ಲಾರಿ ಬರುವವರೆಗೆ ಬಸ್ ಗೇಟಿನಲ್ಲಿ ಕಾಯಬೇಕು. ವಿಮಾನದ ಬಾಗಿಲಲ್ಲಿ ಅಗಲದ ಕುರ್ಚಿ ಬಿಟ್ಟು, ಸೀಟುಗಳ ನಡುವಿನ ಕಿಷ್ಕಿಂಧೆಯಲ್ಲಿ ತೂರುವ ಐಲ್ ಚೇರ್‌ಗೆ ಬದಲಾಯಿಸುತ್ತಾರೆ. ಎದೆಗೆ, ಸೊಂಟಕ್ಕೆ, ಕಾಲಿಗೆ ಬೆಲ್ಟ್ ಬಿಗಿಯುತ್ತಾರೆ, ಇಬ್ಬರು ಕಂಕುಳಿಗೆ ಕೈಹಾಕಿ ಎತ್ತಿ ಕೂರಿಸುತ್ತಾರೆ. ನಿನ್ನೆ ಸಂಜೆ ಜಯನಗರದ ನಾಲ್ಕನೇ ಬ್ಲಾಕಿನಲ್ಲಿ ಎರಡು ಕಿಲೋಮೀಟರ್ ವಾಕಿಂಗ್ ಮಾಡಿ ಬಂದ ಅಮ್ಮನಿಗೆ ಇದು ಉಪಚಾರವಲ್ಲ, ಫಜೀತಿ. ಜೊತೆಗಾರರು ಯಾರು ಎಂಬ ಪ್ರಶ್ನೆಯೂ ಈ ದರ್ಜೆಗೆ ಬರುತ್ತದೆ. ಒಬ್ಬರೇ ಹೊರಟವರು ಅಲ್ಲಿಯೇ ಸಿಕ್ಕಿಬೀಳಬಹುದು.

ಇನ್ನೊಂದು ಸಣ್ಣ ನಷ್ಟ ಯಾರ ಲೆಕ್ಕಕ್ಕೂ ಬರುವುದಿಲ್ಲ. ಕಾಲು ಚಾಚಲು ಜಾಗವಿರುವ ಎಮರ್ಜೆನ್ಸಿ ಎಕ್ಸಿಟ್ ಸಾಲಿನ ಸೀಟಿಗೆ ಹೆಚ್ಚು ದುಡ್ಡು ಕೊಟ್ಟಿದ್ದರೆ, ವೀಲ್‌ಚೇರ್ ಕೋಡ್ ಬಿದ್ದ ಮೇಲೆ ಅಲ್ಲಿ ಕೂರಿಸುವುದಿಲ್ಲ. ಆಪತ್ತಿನಲ್ಲಿ ಬಾಗಿಲು ತೆಗೆದು ಬೇರೆಯವರಿಗೂ ನೆರವಾಗಬಲ್ಲವರಿಗೆ ಮಾತ್ರ ಆ ಸೀಟು.

ಹಾಗಾದರೆ ಲಾಭವೇ ಇಲ್ಲವೇ? ಇದೆ, ಹೊರಡುವಾಗ ಇದೆ. ಸೆಕ್ಯುರಿಟಿಯಲ್ಲೂ ಇಮಿಗ್ರೇಷನ್‌ನಲ್ಲೂ ಸಾಮಾನ್ಯವಾಗಿ ಬೇರೆ ದಾರಿ, ಬೋರ್ಡಿಂಗ್ ಎಲ್ಲರಿಗಿಂತ ಮೊದಲು, ತಲೆಯ ಮೇಲಿನ ಬ್ಯಾಗಿನ ಗೂಡು ಖಾಲಿ ಇರುವಾಗಲೇ ಒಳಗೆ. ಜೊತೆಗೆ ಒಬ್ಬರನ್ನು ಕರೆದುಕೊಂಡು ಹೋಗಬಹುದು. ಹೀಗಾಗಿ ಒಂದು ಮಂಡಿನೋವಿಗೆ ಎರಡು ಜನ ಸಾಲು ತಪ್ಪಿಸಿಕೊಳ್ಳುತ್ತಾರೆ. ಪಾಸ್‌ಪೋರ್ಟ್, ಬೋರ್ಡಿಂಗ್ ಪಾಸ್ ತೋರಿಸುವುದು, ಗೇಟ್ ಹುಡುಕುವುದು ಎಲ್ಲ ತಳ್ಳುವ ಹುಡುಗನ ತಲೆನೋವು. ಹೊರಡುವ ಭಾಗಕ್ಕೆ ಮಾತ್ರ ಅಂಕ ಕೊಡುವುದಾದರೆ ಐದಕ್ಕೆ ಐದು ಕೊಡಬಹುದು.

ಇಳಿಯುವಾಗ ಎಲ್ಲ ತಿರುಗುಮುರುಗಾಗುತ್ತದೆ. ಮೊದಲು ಹತ್ತಿದವರು ಕೊನೆಗೆ ಇಳಿಯಬೇಕು. ಮುನ್ನೂರು ಜನರ ದೊಡ್ಡ ವಿಮಾನ ಖಾಲಿಯಾಗುವವರೆಗೆ ಸೀಟಿನಲ್ಲೇ, ಆಮೇಲೆ ವಿಮಾನಕ್ಕೂ ಟರ್ಮಿನಲ್‌ಗೂ ನಡುವಿನ ಸೇತುವೆಯಾದ ಏರೋಬ್ರಿಜ್‌ನ ಬಾಯಲ್ಲಿ ಕುರ್ಚಿ ಬರುವವರೆಗೆ. ಅಷ್ಟರಲ್ಲಿ ಇಮಿಗ್ರೇಷನ್ ಸಾಲು ಬೆಳೆದಿರುತ್ತದೆ, ಹೊರಗೆ ಮಗ ಪಾರ್ಕಿಂಗ್ ದುಡ್ಡು ಕಟ್ಟುತ್ತಾ ನಿಂತಿರುತ್ತಾನೆ. ಆಗ ನಡೆಯುವುದೇ ಅಮೆರಿಕದ ಸಿಬ್ಬಂದಿ ತಮಾಷೆಗೆ 'ಮಿರಾಕಲ್ ಫ್ಲೈಟ್' ಎಂದು ಕರೆಯುವ ಪವಾಡ: ಕುರ್ಚಿಯಲ್ಲಿ ಹತ್ತಿದವರು ಆಕಾಶದಲ್ಲಿ ಗುಣವಾಗಿ, ಬ್ಯಾಗು ಎಳೆದುಕೊಂಡು ದಡದಡ ನಡೆದುಹೋಗುವುದು. 2024ರ ನವೆಂಬರ್‌ನಲ್ಲಿ ಫ್ರಾಂಟಿಯರ್ ಏರ್‌ಲೈನ್ಸ್‌ನ ಆಗಿನ ಮುಖ್ಯಸ್ಥ ಬ್ಯಾರಿ ಬಿಫಲ್ ಇದನ್ನು ಬಹಿರಂಗವಾಗಿಯೇ ಆಡಿದರು. ಹತ್ತುವಾಗ 20 ಜನ ಕುರ್ಚಿಯಲ್ಲಿ ಬಂದ ವಿಮಾನದಿಂದ ಇಳಿಯುವಾಗ ಕುರ್ಚಿ ಬೇಕೆಂದವರು ಮೂವರೇ ಎಂದರು. ಒಂದೊಂದು ಕೋರಿಕೆಗೂ ಏರ್‌ಲೈನ್‌ಗೆ 30ರಿಂದ 35 ಡಾಲರ್ ಖರ್ಚು. ಅಂಗವಿಕಲರ ಜಾಗದಲ್ಲಿ ಕಾರು ನಿಲ್ಲಿಸಿದರೆ ದಂಡ ಹಾಕುವಂತೆ ಇದಕ್ಕೂ ಹಾಕಬೇಕು ಎಂಬುದು ಅವರ ವಾದ.

ನಮ್ಮ ಕಡೆಯ ಲೆಕ್ಕ ಇನ್ನೂ ಭಾರ. ಏರ್ ಇಂಡಿಯಾದ ಅಮೆರಿಕ, ಬ್ರಿಟನ್ ಮಾರ್ಗದ ಕೆಲವು ವಿಮಾನಗಳಲ್ಲಿ ಶೇ. 30ರಷ್ಟು ಪ್ರಯಾಣಿಕರು ವೀಲ್‌ಚೇರ್ ಕೇಳುತ್ತಾರೆ ಎಂದು 2025ರಲ್ಲಿ ಪತ್ರಿಕೆಗಳು ಬರೆದವು. ಒಂದು ಕುರ್ಚಿಗೆ ಒಬ್ಬ ಮನುಷ್ಯ ಬೇಕು ಅನ್ನುವುದು ನೆನಪಿರಲಿ. ಕುರ್ಚಿಯನ್ನು ದುಡ್ಡು ಕೊಟ್ಟು ಕೊಂಡುಬಿಡಬಹುದು. ರಾತ್ರಿ ಎರಡು ಗಂಟೆಗೆ, ಒಂದೇ ತಾಸಿನಲ್ಲಿ ಹೊರಡುವ ಮೂರು ವಿಮಾನಗಳಿಗೆ ಬೇಕಾಗುವ ನೂರು ಜನ ತಳ್ಳುವವರನ್ನು ಎಲ್ಲಿಂದ ತರುವುದು? ಆಗಲೇ ಒಬ್ಬ ಹುಡುಗ ಬಲಗೈಯಲ್ಲೊಂದು, ಎಡಗೈಯಲ್ಲೊಂದು ಎಂದು ಎರಡು ಕುರ್ಚಿ ತಳ್ಳುವ ದೃಶ್ಯ ಕಾಣುವುದು. ಸಮತಟ್ಟಿನಲ್ಲಿ ಹೇಗೋ ನಡೆಯುತ್ತದೆ. ಏರೋಬ್ರಿಜ್‌ನ ಇಳಿಜಾರಿನಲ್ಲಿ ಅದು ಅಪಾಯ.

ಕೊರತೆ ಬಿದ್ದಾಗ ಏಟು ಯಾರಿಗೆ ಬೀಳುತ್ತದೆ ಎಂಬುದಕ್ಕೆ 2024ರ ಫೆಬ್ರುವರಿಯ ಮುಂಬೈ ಪ್ರಕರಣ ಸಾಕು. ನ್ಯೂಯಾರ್ಕಿನಿಂದ ಬಂದಿಳಿದ ವೃದ್ಧ ದಂಪತಿ ಮೊದಲೇ ಎರಡು ವೀಲ್‌ಚೇರ್ ಕೇಳಿದ್ದರು. ಸಿಕ್ಕಿದ್ದು ಒಂದು. ಬೇಡಿಕೆ ಜಾಸ್ತಿ ಇದೆ, ಇನ್ನೊಂದು ಬರುವವರೆಗೆ ಕಾಯಿರಿ ಎಂದು ಹೇಳಿದ್ದೆವು ಎಂಬುದು ಏರ್‌ಲೈನ್‌ನ ವಿವರಣೆ. ಹೆಂಡತಿಯನ್ನು ಕುರ್ಚಿಯಲ್ಲಿ ಕೂರಿಸಿ, ಎಂಬತ್ತು ವರ್ಷದ ಗಂಡ ಜೊತೆಯಲ್ಲಿ ನಡೆದುಕೊಂಡೇ ಬಂದರು. ಇಮಿಗ್ರೇಷನ್ ಬಳಿ ಕುಸಿದುಬಿದ್ದು ತೀರಿಕೊಂಡರು. ಡಿಜಿಸಿಎ ಏರ್ ಇಂಡಿಯಾಗೆ 30 ಲಕ್ಷ ರೂಪಾಯಿ ದಂಡ ಹಾಕಿತು, ಸಾಕಷ್ಟು ಕುರ್ಚಿ ಇಟ್ಟುಕೊಳ್ಳಿ ಎಂದು ಎಲ್ಲ ಏರ್‌ಲೈನ್‌ಗಳಿಗೂ ಹೇಳಿತು. ಅಂದು ಆ ವಿಮಾನದಲ್ಲಿ ಯಾರ ಮಂಡಿ ನಿಜ, ಯಾರದು ಸುಳ್ಳು ಎಂದು ಯಾರೂ ಅಳೆದಿಲ್ಲ, ಅಳೆಯಲೂ ಬರುವುದಿಲ್ಲ.

ಆ ಅಳತೆಯ ವಿಷಯದಲ್ಲಿ ಸ್ವಲ್ಪ ನಿಧಾನ ಬೇಕು. ಕುರ್ಚಿಯಿಂದ ಎದ್ದು ನಿಂತವರೆಲ್ಲ ಕಳ್ಳರಲ್ಲ. ಮೊದಲ ದರ್ಜೆಯ ವ್ಯಾಖ್ಯೆಯೇ ಮೆಟ್ಟಿಲು ಹತ್ತಬಲ್ಲವರು ಎಂದು. ಮಂಡಿಯ ಮೃದ್ವಸ್ಥಿ ಸವೆದವರು ಅಡುಗೆಮನೆ, ದೇವರಮನೆ, ಬಸ್‌ಸ್ಟಾಪಿನ ದೂರವನ್ನು ಏನೂ ಆಗದವರಂತೆ ನಡೆಯುತ್ತಾರೆ. ಕಿಲೋಮೀಟರ್ ದಾಟಿದರೆ ಮಂಡಿ ಊದಿಕೊಳ್ಳುತ್ತದೆ, ಮಾರನೇ ದಿನ ಏಳಲಾಗುವುದಿಲ್ಲ. ಹೃದಯದ ತೊಂದರೆ, ಉಬ್ಬಸ, ಕೀಮೋ ಚಿಕಿತ್ಸೆಯ ನಡುವಿನ ನಿಶ್ಶಕ್ತಿ ಯಾವುದೂ ಮುಖದ ಮೇಲೆ ಬರೆದಿರುವುದಿಲ್ಲ. ಇಳಿಯುವಾಗ ಕುರ್ಚಿ ಬಿಟ್ಟು ನಡೆದವರಲ್ಲೂ ನಿಜವಾದ ನೋವಿನವರು ಇರುತ್ತಾರೆ. ಮುಕ್ಕಾಲು ಗಂಟೆ ಕಾಯುವುದಕ್ಕಿಂತ ಹಲ್ಲು ಕಚ್ಚಿಕೊಂಡು ನಡೆದುಬಿಡುವುದೇ ವಾಸಿ ಎಂದು ಹೊರಟವರು. ಹಾಗಾಗಿ ಫ್ರಾಂಟಿಯರ್‌ನ 20ಕ್ಕೆ 3 ಎಂಬ ಲೆಕ್ಕದಲ್ಲಿ ಉಳಿದ 17 ಜನರೂ ನಟರೆಂದು ಹೇಳಲಾಗದು. ಮೊಬೈಲಿನಲ್ಲಿ ವಿಡಿಯೋ ಮಾಡಿ ಹಂಚುವ ಪತ್ತೇದಾರರಿಗೆ ಈ ಮಾತು ರುಚಿಸುವುದಿಲ್ಲ.

ದುರುಪಯೋಗ ಹೆಚ್ಚಾದರೆ ಮುಂದೇನಾಗುತ್ತದೆ ಎಂಬುದಕ್ಕೆ ವಿಮಾನಯಾನದಲ್ಲೇ ಒಂದು ಉದಾಹರಣೆ ಇದೆ. ಅಮೆರಿಕದಲ್ಲಿ ಮನಸ್ಸಿನ ಸಮಾಧಾನಕ್ಕೆ ಬೇಕು ಎಂಬ ಪತ್ರ ಹಿಡಿದು ನಾಯಿ, ಬೆಕ್ಕು, ಕೊನೆಗೆ ನವಿಲನ್ನೂ ಕ್ಯಾಬಿನ್ನಿಗೆ ತರಲು ನೋಡುವ ಕಾಲವೊಂದಿತ್ತು. 2021ರ ಜನವರಿಯಿಂದ ಜಾರಿಗೆ ಬಂದ ನಿಯಮ ಆ ಬಾಗಿಲು ಮುಚ್ಚಿತು. ಈಗ ಕುರುಡರಿಗೆ ದಾರಿ ತೋರುವ ತರಬೇತಾದ ನಾಯಿಗೂ ಏರ್‌ಲೈನ್ ಫಾರಂ ತುಂಬಿಸಿಕೊಳ್ಳಬಹುದು.

ಇನ್ನು ಕುರ್ಚಿಯ ವಿಷಯಕ್ಕೆ ಬರೋಣ, ಏಕೆಂದರೆ ಕೂರುವವರಿಗೆ ಅದನ್ನು ಯಾರೂ ಹೇಳಿಕೊಡುವುದಿಲ್ಲ. ನಿಲ್ದಾಣದಲ್ಲಿ ಹೆಚ್ಚಾಗಿ ಸಿಗುವುದು ಹಿಂದಿನ ಗಾಲಿಯೂ ಚಿಕ್ಕದಿರುವ ಕುರ್ಚಿ. ಕೂತವರು ತಾವೇ ತಿರುಗಿಸಿಕೊಂಡು ಹೋಗಲಾರರು, ತಳ್ಳುವವರು ಬಿಟ್ಟ ಕಡೆ ಇರಬೇಕು. ಕೂರುವ ಮೊದಲು ಎರಡೂ ಬ್ರೇಕ್ ಹಾಕಿದೆಯೇ, ಕಾಲಿಡುವ ಹಲಗೆ ಮೇಲಕ್ಕೆ ಮಡಚಿದೆಯೇ ನೋಡಿ. ಮಡಚದ ಹಲಗೆಯ ಮೇಲೆ ಕಾಲಿಟ್ಟು ಕೂರಲು ಹೋದರೆ ಕುರ್ಚಿ ಮುಂದಕ್ಕೆ ಮಗುಚುತ್ತದೆ. ಕೂತ ಮೇಲೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ನೆರಿಗೆಯನ್ನು ಮಂಡಿಗಳ ನಡುವೆ ಒತ್ತಿಕೊಳ್ಳಿ. ಪಂಚೆ, ಶಾಲು, ದುಪಟ್ಟಾಕ್ಕೂ ಇದೇ ಮಾತು. ಗಾಲಿಯ ಕಡ್ಡಿಗಳಿಗೆ ಸಿಕ್ಕಿದ ಸೀರೆ ಹರಿಯುವುದು ಸಣ್ಣ ವಿಷಯ, ಕೂತವರನ್ನು ಪಕ್ಕಕ್ಕೆ ಎಳೆದು ಬೀಳಿಸುವುದು ದೊಡ್ಡ ವಿಷಯ. ಮೊಣಕೈ ತೋಳಿನ ಹಲಗೆಯ ಒಳಗಿರಲಿ, ಬಾಗಿಲ ಚೌಕಟ್ಟುಗಳು ಮೊಣಕೈಗೇ ತಾಗುವುದು. ಏರೋಬ್ರಿಜ್‌ನ ಇಳಿಜಾರು ಕಡಿದಾಗಿದ್ದರೆ ಕುರ್ಚಿಯನ್ನು ಹಿಂದುಮುಂದಾಗಿ ತಿರುಗಿಸಿ ಇಳಿಸುವುದು ಸರಿಯಾದ ಕ್ರಮ. ಹುಡುಗ ಅವಸರದಲ್ಲಿ ಮುಖ ಮುಂದಾಗಿಯೇ ಇಳಿಸಲು ಹೊರಟರೆ "ಸ್ವಲ್ಪ ತಿರುಗಿಸಿ ಇಳಿಸಪ್ಪ" ಎಂದು ಕೇಳಲು ಸಂಕೋಚ ಬೇಡ.

ಮಂಡಿ ಬದಲಾಯಿಸಿಕೊಂಡವರಿಗೆ ಲೋಹಶೋಧಕ ಕೂಗುತ್ತದೆ. ಕೂತಲ್ಲೇ ಕೈಯಿಂದ ತಪಾಸಣೆ ಮಾಡುತ್ತಾರೆ, ಹೆಂಗಸರಿಗೆ ಹೆಂಗಸರೇ, ಪರದೆಯ ಹಿಂದೆ. ಆಸ್ಪತ್ರೆಯ ಇಂಪ್ಲಾಂಟ್ ಕಾರ್ಡ್ ತೋರಿಸಿದರೆ ಮಾತು ಕಡಿಮೆಯಾಗುತ್ತದೆ, ತಪಾಸಣೆ ತಪ್ಪುವುದಿಲ್ಲ.

ಸೇವೆಯ ಅತಿ ಕೆಟ್ಟ ಭಾಗ ಟ್ರಾನ್ಸಿಟ್, ಅಂದರೆ ನಡುದಾರಿಯಲ್ಲಿ ವಿಮಾನ ಬದಲಿಸುವುದು. ಫ್ರಾಂಕ್‌ಫರ್ಟ್ ಉದಾಹರಣೆ ತೆಗೆದುಕೊಳ್ಳಿ. ಬೆಂಗಳೂರಿನಿಂದ ಬಂದವರನ್ನು ಅಲ್ಲಿ ನಿಲ್ದಾಣದ್ದೇ ಅಂಗಸಂಸ್ಥೆ ಫ್ರಾಕೇರ್ಸ್ ನೋಡಿಕೊಳ್ಳುತ್ತದೆ. ಗೇಟಿನಿಂದ ಒಬ್ಬರು ತಳ್ಳಿಕೊಂಡು ಬಂದು ಕಾಯುವ ಜಾಗದಲ್ಲಿ ಬಿಡುತ್ತಾರೆ. ಮುಂದಿನ ವಿಮಾನದ ಹೊತ್ತಿಗೆ ಇನ್ನೊಬ್ಬರು ಬರುತ್ತಾರೆ. ಪದ್ಧತಿ ಅಚ್ಚುಕಟ್ಟು. ಆದರೆ ಆ ಎರಡು ಮೂರು ತಾಸು ಸಾಲಾಗಿ ಕೂರುವುದಿದೆಯಲ್ಲ, ಅದರ ಕಲ್ಪನೆ ಮಂಡಿನೋವು ಹೇಳಿಕೊಟ್ಟ ಮಕ್ಕಳಿಗೆ ಇರುವುದಿಲ್ಲ. ಶೌಚಾಲಯ ಕಣ್ಣಿಗೆ ಕಾಣುತ್ತಿರುತ್ತದೆ. ನಿಜವಾಗಿ ನಡೆಯಲಾಗದವರು ಕೈಯೆತ್ತಿ ಕರೆಯುತ್ತಾರೆ. ನಟಿಸುತ್ತಿರುವವರಿಗೆ ಎರಡು ಭಯ: ಎದ್ದು ಹೋದರೆ ಸುಳ್ಳು ಬಯಲಾದೀತು, ಹೋದಾಗಲೇ ಹುಡುಗ ಬಂದುಬಿಟ್ಟರೆ ವಿಮಾನ ತಪ್ಪೀತು. ಹೀಗಾಗಿ ನೀರು ಕುಡಿಯದೆ, ಕಾಫಿ ಕುಡಿಯದೆ, ಚೆನ್ನಾಗಿರುವ ಕಾಲನ್ನು ಕಟ್ಟಿಕೊಂಡು ಕೂರುತ್ತಾರೆ. ಹತ್ತು ತಾಸಿನ ಪ್ರಯಾಣದ ಮೇಲೆ, ಮತ್ತೆ ಹತ್ತು ತಾಸಿನ ಪ್ರಯಾಣದ ಮೊದಲು ಎಪ್ಪತ್ತು ವರ್ಷದವರು ಮಾಡಬೇಕಾದದ್ದು ಇದರ ತದ್ವಿರುದ್ಧ. ಎದ್ದು ಓಡಾಡಬೇಕು, ನೀರು ಕುಡಿಯಬೇಕು, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ನೋಡಿಕೊಳ್ಳಬೇಕು. ನಡೆಯಬಲ್ಲ ಅಪ್ಪ ಅಮ್ಮಂದಿರಿಗೆ ಈ ಸೇವೆ ಮಾಡುವ ನಿಜವಾದ ಕೇಡು ಇದು. ತಾನಾಗಿ ಚಲಿಸಲಾಗದ ಕುರ್ಚಿಯಲ್ಲಿ ಕೂತವರನ್ನು 30 ನಿಮಿಷಕ್ಕಿಂತ ಹೆಚ್ಚು ಹೊತ್ತು ಒಬ್ಬರೇ ಬಿಡಬಾರದು ಎಂಬ ನಿಯಮ ಅಮೆರಿಕದ 382ನೇ ಭಾಗದಲ್ಲಿದೆ. ಬಿಟ್ಟರೆ ಅಲ್ಲಿ ದೂರು ಕೊಡಬಹುದು.

ಇಷ್ಟು ಹೇಳಿದ ಮೇಲೆ, ಸುಳ್ಳು ಹೇಳುವವರ ಪರವಾಗಿಯೂ ಒಂದು ಮಾತು. ಸಾಲು ತಪ್ಪಿಸಲು ಕೂರುವ ಮೂವತ್ತರ ಹುಡುಗರನ್ನು ಬಿಟ್ಟುಬಿಡಿ, ಅವರ ಬಗ್ಗೆ ಹೇಳಲು ಏನೂ ಇಲ್ಲ. ನಮ್ಮ ಊರುಗಳ ಬಹುಪಾಲು ಅಪ್ಪ ಅಮ್ಮಂದಿರ ಕಷ್ಟ ಕಾಲಿನದಲ್ಲ, ಬಾಯಿಯದು. ಶಿರಸಿಯಿಂದಲೋ ಗದಗಿನಿಂದಲೋ ಮೊದಲ ಸಲ ಹೊರಟವರಿಗೆ ಕನ್ನಡ ಬಿಟ್ಟು ಬೇರೆ ಭಾಷೆ ಬರದು. ಬೋರ್ಡಿನಲ್ಲಿ ಗೇಟ್ ನಂಬರ್ ಬದಲಾದರೆ ತಿಳಿಯದು, ಟರ್ಮಿನಲ್ ನಡುವೆ ರೈಲು ಹತ್ತಬೇಕು ಎಂದರೆ ಎದೆ ಝಲ್ಲೆನ್ನುತ್ತದೆ. ಅವರಿಗೆ ಬೇಕಾದದ್ದು ಕೈಹಿಡಿದು ನಡೆಸುವ ಒಬ್ಬ ಮನುಷ್ಯ. ಏರ್‌ಲೈನ್‌ನ ವೆಬ್‌ಸೈಟಿನಲ್ಲಿ ಅದಕ್ಕೆ ಖಾನೆ ಇರುವುದಿಲ್ಲ, ವೀಲ್‌ಚೇರ್‌ಗೆ ಇರುತ್ತದೆ. ಮನುಷ್ಯ ಬೇಕಾದವರು ಕುರ್ಚಿ ಕೇಳುತ್ತಾರೆ. ಕುರ್ಚಿಯ ಹಿಂದೆ ಮನುಷ್ಯನಿರುತ್ತಾನಲ್ಲ!

ಖಾನೆ ಕಾಣದಿದ್ದರೂ ಕೋಡ್ ಇದೆ. ಅದರ ಹೆಸರು ಎಂಎಎಎಸ್, ಅಂದರೆ ಮೀಟ್ ಅಂಡ್ ಅಸಿಸ್ಟ್. ವಯಸ್ಸಾದವರು, ಮೊದಲ ಸಲ ಹೊರಟವರು, ಭಾಷೆ ಬರದವರಿಗೆ ದಾರಿ ತೋರಿಸುವ ಕೋರಿಕೆ. ಇದನ್ನು ಫೋನ್ ಮಾಡಿಯೋ ಟ್ರಾವೆಲ್ ಏಜೆಂಟ್ ಮೂಲಕವೋ ಹಾಕಿಸಬೇಕು. ಜೊತೆಗೆ 'ಎಲ್ಡರ್ಲಿ, ಫಸ್ಟ್ ಟೈಮ್ ಫ್ಲೈಯರ್, ಸ್ಪೀಕ್ಸ್ ಓನ್ಲಿ ಕನ್ನಡ' ಎಂದು ಒಂದು ಸಾಲು ಬರೆಸಿ. ಎಲ್ಲ ಏರ್‌ಲೈನ್‌ಗಳೂ ಒಪ್ಪುವುದಿಲ್ಲ, ಕೆಲವು ದುಡ್ಡು ಕೇಳುತ್ತವೆ. ಟಿಕೆಟ್ ಕೊಳ್ಳುವ ಮೊದಲೇ ಕೇಳಿಕೊಂಡರೆ ಏರ್‌ಲೈನ್ ಆರಿಸಲು ಇದೇ ಒಂದು ಕಾರಣವಾಗುತ್ತದೆ. ನಿಲ್ದಾಣಗಳದ್ದೇ ದುಡ್ಡು ಕೊಟ್ಟು ಪಡೆಯುವ ಸೇವೆಯೂ ಇದೆ. ಟ್ರಾನ್ಸಿಟ್ ನಿಲ್ದಾಣದಲ್ಲಿ ಅದನ್ನು ಒಮ್ಮೆ ಕೊಂಡರೆ ದುಡ್ಡು ದಂಡವಲ್ಲ.

ಸಾಲಿನದೇ ಚಿಂತೆಯಾದರೆ ಅದಕ್ಕೂ ನೇರ ದಾರಿ ಇದೆ. ಕೇಂದ್ರ ಗೃಹ ಸಚಿವಾಲಯದ ಫಾಸ್ಟ್ ಟ್ರ್ಯಾಕ್ ಇಮಿಗ್ರೇಷನ್, ಟ್ರಸ್ಟೆಡ್ ಟ್ರಾವೆಲರ್ ಯೋಜನೆ 2024ರ ಜೂನ್‌ನಲ್ಲಿ ದೆಹಲಿಯಲ್ಲಿ ಶುರುವಾಗಿ 2025ರ ಜನವರಿಯಲ್ಲಿ ಬೆಂಗಳೂರಿಗೂ ಬಂತು. ಭಾರತೀಯ ಪಾಸ್‌ಪೋರ್ಟ್ ಇದ್ದವರು, ವಿದೇಶಿ ಪೌರತ್ವದ ಭಾರತೀಯ ಮೂಲದವರಿಗೆ ಕೊಡುವ ಓಸಿಐ ಕಾರ್ಡ್ ಇದ್ದವರು ಆನ್‌ಲೈನಿನಲ್ಲಿ ಅರ್ಜಿ ಹಾಕಿ, ಕರೆದಾಗ ಬೆರಳಚ್ಚು ಮತ್ತು ಫೋಟೋ ಕೊಟ್ಟರೆ ಇ-ಗೇಟ್ ಮೂಲಕ ದಾಟಬಹುದು. ಶುಲ್ಕವಿಲ್ಲ. ಐದು ವರ್ಷ ಅಥವಾ ಪಾಸ್‌ಪೋರ್ಟ್ ಅವಧಿ, ಯಾವುದು ಮೊದಲೋ ಅಲ್ಲಿಯವರೆಗೆ ನಡೆಯುತ್ತದೆ. ಅರ್ಜಿ ಪರಿಶೀಲನೆಗೆ ಸಮಯ ಹಿಡಿಯುವುದರಿಂದ ಟಿಕೆಟ್ ಕೊಂಡ ದಿನವೇ ಹಾಕಿ. ವಯಸ್ಸಿನ ಮಿತಿಯನ್ನೂ ಅಲ್ಲೇ ನೋಡಿಕೊಳ್ಳಿ.

ಆಟಿಸಂ, ಮರೆಗುಳಿತನ, ಕಿವಿ ಮಂದವಾಗಿರುವಂಥ ಕಣ್ಣಿಗೆ ಕಾಣದ ತೊಂದರೆಯವರೂ ವೀಲ್‌ಚೇರ್‌ಗೇ ಹೋಗುವುದುಂಟು. ಅವರಿಗೆ ಸೂರ್ಯಕಾಂತಿ ಚಿತ್ರದ ಹಸಿರು ಕೊರಳುದಾರ ಹೆಚ್ಚು ಉಪಯೋಗಕ್ಕೆ ಬರುತ್ತದೆ. 2016ರಲ್ಲಿ ಲಂಡನ್ನಿನ ಗ್ಯಾಟ್‌ವಿಕ್‌ನಲ್ಲಿ ಶುರುವಾದ ಈ ಪದ್ಧತಿ ಬೆಂಗಳೂರು ನಿಲ್ದಾಣದಲ್ಲೂ ಇದೆ. ದಾರ ಕಂಡ ಸಿಬ್ಬಂದಿ ಅವಸರ ಮಾಡದೆ, ಗದರದೆ ಮಾತಾಡಬೇಕು ಎಂಬುದು ಅದರ ಅರ್ಥ.

ಕಾಸು ಖರ್ಚಿಲ್ಲದ ಉಪಾಯಗಳೂ ಇವೆ. ಪ್ರತಿ ಊರಿನ ಕನ್ನಡ ಕೂಟದ ವಾಟ್ಸಾಪ್ ಗುಂಪುಗಳಲ್ಲಿ 'ಇಂಥ ದಿನ, ಇಂಥ ವಿಮಾನ, ಅಮ್ಮನ ಜೊತೆಗೆ ಯಾರಾದರೂ ಇದ್ದೀರಾ' ಎಂದು ಹಾಕಿದರೆ ಬೇಸಿಗೆ ರಜೆಯಲ್ಲಿ ಒಬ್ಬರಾದರೂ ಸಿಗುತ್ತಾರೆ. ಅಂಗೈ ಅಗಲದ ಒಂದು ಕಾರ್ಡ್ ಮಾಡಿ, ಲ್ಯಾಮಿನೇಟ್ ಮಾಡಿಸಿ ಕೊರಳಿಗೆ ಹಾಕಿ. ಒಂದು ಬದಿ ಇಂಗ್ಲಿಷಿನಲ್ಲಿ ಹೆಸರು, ಕನ್ನಡ ಮಾತ್ರ ಬರುತ್ತದೆ ಎಂಬ ಮಾತು, ಎರಡೂ ವಿಮಾನಗಳ ನಂಬರ್ ಮತ್ತು ಹೊರಡುವ ವೇಳೆ, ಮಗನ ಫೋನ್ ನಂಬರ್. ಇನ್ನೊಂದು ಬದಿ ದೊಡ್ಡ ಕನ್ನಡ ಅಕ್ಷರದಲ್ಲಿ ಮಾಡಬೇಕಾದ ಕೆಲಸ: ಇಳಿದ ಕೂಡಲೇ ಯೂನಿಫಾರ್ಮ್ ಹಾಕಿದವರಿಗೆ ಕಾರ್ಡ್ ತೋರಿಸು, ಗೇಟ್ ತಲುಪಿದ ಮೇಲೆ ಶೌಚಾಲಯಕ್ಕೆ ಹೋಗು, ಪಾಸ್‌ಪೋರ್ಟ್ ಕೈಬಿಡಬೇಡ. ದೊಡ್ಡ ನಿಲ್ದಾಣಗಳಲ್ಲಿ ಬ್ಯಾಟರಿ ಬಗ್ಗಿಗಳೂ ಓಡಾಡುತ್ತವೆ. ಕೈ ತೋರಿಸಿದರೆ ಹಿರಿಯರನ್ನು ಹತ್ತಿಸಿಕೊಳ್ಳುತ್ತಾರೆ, ಕಾಯಿಲೆ ಏನೆಂದು ಕೇಳುವುದಿಲ್ಲ.

ನಿಜವಾಗಿ ವೀಲ್‌ಚೇರ್ ಬೇಕಾದವರಿಗೆ ಬುಕಿಂಗ್‌ನ ಒಂದೆರಡು ಗುಟ್ಟು. 48 ಗಂಟೆ ಮೊದಲು ಹೇಳಿರಬೇಕು. ವೆಬ್‌ಸೈಟಿನಲ್ಲಿ ಗುರುತು ಹಾಕಿದ ಮಾತ್ರಕ್ಕೆ ಮುಗಿಯಲಿಲ್ಲ, ಕೋರಿಕೆಯ ಸ್ಥಿತಿಯನ್ನು ಏಜೆಂಟ್ ಹತ್ತಿರ ಕೇಳಿ. ಎನ್‌ಎನ್ ಎಂದಿದ್ದರೆ ಇನ್ನೂ ಕೇಳುತ್ತಿದ್ದಾರೆ, ಎಚ್‌ಕೆ ಎಂದಿದ್ದರೆ ಗಟ್ಟಿಯಾಗಿದೆ, ಯುಸಿ ಎಂದಿದ್ದರೆ ಆಗುವುದಿಲ್ಲ. ಪ್ರತಿ ಹಂತಕ್ಕೂ ಬೇರೆಬೇರೆಯಾಗಿ ಎಚ್‌ಕೆ ಇರಬೇಕು. ಒಂದು ಏರ್‌ಲೈನಿನ ಟಿಕೆಟ್‌ನಲ್ಲಿ ಇನ್ನೊಂದರ ವಿಮಾನ ಹತ್ತುವ ಕೋಡ್‌ಶೇರ್‌ನಲ್ಲಿ ಎರಡನೇ ಹಂತದ ಕೋರಿಕೆ ಬಿದ್ದುಹೋಗುವುದೇ ಹೆಚ್ಚು. ವಿಮಾನ ಹಾರಿಸುವ ಕಂಪನಿಗೆ ಅದರದೇ ಪಿಎನ್‌ಆರ್ (ಬುಕಿಂಗ್ ನಂಬರ್) ಹೇಳಿ ಕೇಳಿ. ಬೇರೆ ಆ್ಯಪ್‌ಗಳಲ್ಲಿ ಅಗ್ಗಕ್ಕೆ ಕೊಂಡ ಟಿಕೆಟ್‌ಗೂ ಇದೇ ರೋಗ. ವೀಲ್‌ಚೇರ್ ಇದ್ದರೆ ತೊಂಬತ್ತು ನಿಮಿಷದ ಕನೆಕ್ಷನ್ ಬೇಡ. ಕೊನೆಗೆ ಇಳಿದು ಮೊದಲು ಹತ್ತಬೇಕಾದವರಿಗೆ ಅದು ಒಂದು ತಾಸೂ ಉಳಿಯುವುದಿಲ್ಲ. ಎರಡೂವರೆಯಿಂದ ನಾಲ್ಕು ತಾಸು ಸರಿ.

ಮಡಚುವ ಊರುಗೋಲು ಇದ್ದರೆ ತನ್ನಿ, ಅದನ್ನು ಕೈಬ್ಯಾಗಿನ ಲೆಕ್ಕಕ್ಕೆ ಹಿಡಿಯುವುದಿಲ್ಲ. ಔಷಧಿ, ನೀರಿನ ಖಾಲಿ ಬಾಟಲಿ, ಬಿಸ್ಕತ್ತು ತೊಡೆಯ ಮೇಲಿನ ಚೀಲದಲ್ಲೇ ಇರಲಿ. ತಳ್ಳುವವರ ಹೆಸರು ಕೇಳಿಟ್ಟುಕೊಳ್ಳಿ. ಟಿಪ್ಸ್ ಭಾರತದಲ್ಲಿ ಕೊಡಲೇಬೇಕೆಂದಿಲ್ಲ. ಅಮೆರಿಕದಲ್ಲಿ ವಾಡಿಕೆ ಇದೆ, ಅದಕ್ಕೆ ಐದು ಡಾಲರಿನ ಎರಡು ನೋಟು ಸಾಕು. ಅಮ್ಮನ ಕೈಯಲ್ಲಿ ನೂರರ ನೋಟು ಮಾತ್ರ ಇಟ್ಟು ಕಳಿಸಬೇಡಿ.

ಆರು ತಿಂಗಳು ಕಳೆದು ವಾಪಸು ಬರುವ ಹೊತ್ತಿಗೆ ಅಮ್ಮ ಮೊಮ್ಮಗುವಿನ ಸ್ಟ್ರೋಲರ್ ತಳ್ಳಿಕೊಂಡು ಪಾರ್ಕು ಸುತ್ತಿ ಗಟ್ಟಿಯಾಗಿರುತ್ತಾರೆ. ಹೋಗುವಾಗ ಹಾಕಿದ ಕೋಡ್ ವಾಪಸು ಟಿಕೆಟ್‌ನಲ್ಲೂ ಹಾಗೇ ಕೂತಿರುತ್ತದೆ, ಯಾರೂ ತೆಗೆಯುವುದಿಲ್ಲ. ಏರ್‌ಲೈನ್‌ಗೆ ಒಂದು ಫೋನ್ ಮಾಡಿ ಪಿಎನ್‌ಆರ್ ಹೇಳಿ, ಡಬ್ಲ್ಯುಸಿಎಚ್‌ಆರ್ ತೆಗೆದು ಎಂಎಎಎಸ್ ಹಾಕಿ ಅನ್ನಿ. ಹೊರಡುವ ಎರಡು ದಿನ ಮೊದಲು ಮಾಡಿದರೆ ಆ ರಾತ್ರಿಯ ಪಟ್ಟಿಯಲ್ಲಿ ಒಬ್ಬ ತಳ್ಳುವ ಹುಡುಗ ಬಿಡುವಾಗುತ್ತಾನೆ.